ಟೈರಿಗೆ ನೈಟ್ರೋಜನ್ ತುಂಬಿಸುವುದು ಲಾಭದಾಯಕವೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಆಸರೆಯಲ್ಲಿ ಕಬ್ಬು ಬೆಳೆಯುವ ಪ್ರದೇಶಗಳು. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಉಗಾರ ಖುರ್ದ, ಚಿಕ್ಕೋಡಿ, ನಿಪ್ಪಾಣಿ, ಅಥಣಿ ಮುಂತಾದ ಕಡೆಯ ಕಾರ್ಖಾನೆಗಳಿಗೆ ಹಗಲಿರುಳೆನ್ನದೆ ಟ್ರ್ಯಾಕ್ಟರ್, ಲಾರಿ ಮತ್ತು ಟೈರಿನ ಗಾಡಿಗಳು ಸಾಗುತ್ತವೆ. ಇದಲ್ಲದೆ ಈಗ ಅನೇಕ ರೈತರ ಮನೆಗಳಲ್ಲಿ ಕಾರು, ಜೀಪುಗಳೂ ಇವೆ. ಬೆಳೆಯಲ್ಲಿ ದುಡಿದ ಹಣದ ಒಂದು ಪಾಲು ಪ್ರತಿವರ್ಷ ಟೈರಿನ ಅಂಗಡಿಗೆ ಹೋಗುತ್ತದೆ.

ಹೆದ್ದಾರಿಯ ಬದಿಯ ಪೆಟ್ರೋಲ್ ಪಂಪುಗಳಲ್ಲಿ ಮತ್ತು ಟೈರಿನ ಅಂಗಡಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ‘ನೈಟ್ರೋಜನ್ ಹವಾ’ ಎಂಬ ಫಲಕ ಕಾಣುತ್ತದೆ. ಸಾದಾ ಗಾಳಿಯನ್ನು ಬಿಟ್ಟಿಯಾಗಿ ಇಲ್ಲವೆ ಅಲ್ಪ ದರಕ್ಕೆ ಹಾಕುವ ಕಡೆಯಲ್ಲೇ ನೈಟ್ರೋಜನ್‌ಗೆ ಬೇರೆ ದರ ಕೇಳಲಾಗುತ್ತದೆ. ಟೈರು ತಂಪಾಗಿರುತ್ತದೆ, ಒಡೆಯುವುದಿಲ್ಲ, ಮೈಲೇಜು ಹೆಚ್ಚುತ್ತದೆ, ಹವಾ ಇಳಿಯುವುದಿಲ್ಲ ಎಂದೂ ಹೇಳಲಾಗುತ್ತದೆ. 2019ರ ಜುಲೈ ತಿಂಗಳಲ್ಲಿ ಕೇಂದ್ರ ಸಾರಿಗೆ ಸಚಿವರು ಟೈರುಗಳಲ್ಲಿ ನೈಟ್ರೋಜನ್ ತುಂಬಿಸುವುದನ್ನು ಕಡ್ಡಾಯ ಮಾಡುವ ವಿಚಾರವನ್ನು ರಾಜ್ಯಸಭೆಯಲ್ಲಿ ಪ್ರಸ್ತಾಪಿಸಿದ್ದರು. ಆದುದರಿಂದ ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಮತ್ತು ರೈತನ ಹಣ ಎಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕ.

ನೈಟ್ರೋಜನ್ ಎಂದರೆ ಸಾರಜನಕವೇ

ಪಂಪಿನಲ್ಲಿ ದೊರೆಯುವ ನೈಟ್ರೋಜನ್ ಯಾವುದೋ ಹೊಸ ವಸ್ತುವಲ್ಲ. ಯೂರಿಯಾ ಗೊಬ್ಬರದಲ್ಲಿ ಶೇ. 46ರಷ್ಟಿರುವ ಸಾರಜನಕ ಇದೇ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವಲ್ಲಿ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನಿನೊಳಗೆ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ದ್ರವರೂಪದಲ್ಲಿರುವುದೂ ಇದೇ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಭಾಗ ಸಾರಜನಕ, ಶೇ. 21 ಭಾಗ ಆಮ್ಲಜನಕ ಮತ್ತು ಉಳಿದ ಶೇ. 1 ಭಾಗದಲ್ಲಿ ಆರ್ಗಾನ್ ಮೊದಲಾದ ಅನಿಲಗಳಿವೆ. ಒಂದು ಎಕರೆ ಹೊಲದ ಮೇಲಿನ ವಾಯುಮಂಡಲದಲ್ಲಿ ಸುಮಾರು 30,000 ಟನ್ ಸಾರಜನಕವಿರುತ್ತದೆ.

ಇದರಿಂದ ತಿಳಿಯುವ ಮೊದಲನೆಯ ಸಂಗತಿಯೆಂದರೆ, ಸಾದಾ ಗಾಳಿ ತುಂಬಿಸಿದ ಟೈರಿನಲ್ಲಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್ ಇದ್ದೇ ಇರುತ್ತದೆ. ಪಂಪಿನಲ್ಲಿರುವ ಯಂತ್ರವು ಗಾಳಿಯನ್ನೇ ಒಳಗೆಳೆದುಕೊಂಡು, ವಿಶೇಷ ಪೊರೆ ಅಥವಾ ಇದ್ದಿಲಿನಂಥ ಜರಡಿಯ ಮೂಲಕ ಹಾಯಿಸಿ, ಆಮ್ಲಜನಕವನ್ನೂ ತೇವವನ್ನೂ ಬೇರ್ಪಡಿಸುತ್ತದೆ. ಹೀಗೆ ಸೋಸಿದ ಅನಿಲದಲ್ಲಿ ಸಾಮಾನ್ಯವಾಗಿ ಶೇ. 95 ಅಥವಾ ಅದಕ್ಕಿಂತ ಹೆಚ್ಚು ನೈಟ್ರೋಜನ್ ಇರುತ್ತದೆ. ಗಿರಾಕಿಯು ಹಣ ಕೊಡುವುದು ಶೇ. 78 ಮತ್ತು ಶೇ. 95ರ ನಡುವಿನ ಅಂತರಕ್ಕೆ ಮಾತ್ರ.

ಆ ಅಂತರವೂ ಪೂರ್ತಿಯಾಗಿ ದಕ್ಕುವುದಿಲ್ಲ. ಬಿರಡೆ ಬಿಚ್ಚಿ ಹವಾ ಬಿಟ್ಟರೂ ಟೈರಿನೊಳಗೆ ಹೊರಗಿನಷ್ಟೇ ಒತ್ತಡದ ಗಾಳಿ ಉಳಿದಿರುತ್ತದೆ. ಅದರ ಮೇಲೆ ಶೇ. 95ರ ನೈಟ್ರೋಜನ್ನನ್ನು 30 ಪೌಂಡಿನವರೆಗೆ ಒಮ್ಮೆ ತುಂಬಿದರೆ ಒಳಗಿನ ಮಿಶ್ರಣದಲ್ಲಿ ನೈಟ್ರೋಜನ್ ಸುಮಾರು ಶೇ. 89 ಆಗುತ್ತದೆ. ಹೆಚ್ಚು ಶುದ್ಧತೆ ಬೇಕಾದರೆ ಎರಡು ಮೂರು ಸಲ ತುಂಬಿ ಖಾಲಿ ಮಾಡಬೇಕು. ಕೇವಲ ನಾಲ್ಕೈದು ಪೌಂಡು ‘ಮೇಲೆ ಹಾಕಿಸಿಕೊಂಡರೆ’ ಒಳಗಿನ ಮಿಶ್ರಣ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ.

(ಇಲ್ಲಿ ಪೌಂಡು ಎಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಒತ್ತಡ. ಒಂದು ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ ಸುಮಾರು 14 ಪೌಂಡು.)

ಹೇಳಿಕೆಗಳ ಪರಿಶೀಲನೆ

1. ‘ಹವಾ ಬೇಗ ಇಳಿಯುವುದಿಲ್ಲ.’

ಇದು ನಿಜ, ಆದರೆ ಪ್ರಮಾಣ ಚಿಕ್ಕದು. ರಬ್ಬರು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಮೂಲಕ ಅನಿಲಗಳು ಬಹಳ ನಿಧಾನವಾಗಿ ಹೊರಬೀಳುತ್ತವೆ. ಆಮ್ಲಜನಕವು ನೈಟ್ರೋಜನ್‌ಗಿಂತ ಮೂರು ನಾಲ್ಕು ಪಟ್ಟು ಬೇಗ ಹೊರಹೋಗುತ್ತದೆ. ಅಮೆರಿಕದ ಗ್ರಾಹಕ ಸಂಸ್ಥೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ 2006-07ರಲ್ಲಿ 31 ಮಾದರಿಯ ಟೈರುಗಳ ಜೋಡಿಗಳನ್ನು ತೆಗೆದುಕೊಂಡು, ಪ್ರತಿ ಜೋಡಿಯ ಒಂದಕ್ಕೆ ಗಾಳಿ, ಇನ್ನೊಂದಕ್ಕೆ ನೈಟ್ರೋಜನ್ ಅನ್ನು 30 ಪೌಂಡಿಗೆ ತುಂಬಿ ಒಂದು ವರ್ಷ ಬಯಲಿನಲ್ಲಿ ಇಟ್ಟಿತು. ವರ್ಷದ ಕೊನೆಗೆ ಗಾಳಿಯ ಟೈರುಗಳಲ್ಲಿ ಸರಾಸರಿ 3.5 ಪೌಂಡು, ನೈಟ್ರೋಜನ್ ಟೈರುಗಳಲ್ಲಿ 2.2 ಪೌಂಡು ಇಳಿದಿತ್ತು. ಇಡೀ ವರ್ಷದ ವ್ಯತ್ಯಾಸ 1.3 ಪೌಂಡು ಮಾತ್ರ. ನೈಟ್ರೋಜನ್ ತುಂಬಿದ್ದರೂ ಹವಾ ಇಳಿಯಿತು ಎಂಬುದನ್ನೂ ಗಮನಿಸಬೇಕು.

ಈ ಪರೀಕ್ಷೆಯ ಟೈರುಗಳು ನಿಂತಲ್ಲೇ ಇದ್ದವು. ರಸ್ತೆಯಲ್ಲಿ ಹವಾ ಇಳಿಯಲು ಹೆಚ್ಚಿನ ಕಾರಣಗಳು ಬೇರೆ: ಸಣ್ಣ ಮೊಳೆ, ಸಡಿಲವಾದ ವಾಲ್ವು, ತುಕ್ಕು ಹಿಡಿದ ರಿಮ್ಮು, ಹಳೆಯ ಟ್ಯೂಬಿನ ತೇಪೆ. ಇಂಥ ತೂತಿನಿಂದ ನೈಟ್ರೋಜನ್ನೂ ಗಾಳಿಯಷ್ಟೇ ಸರಾಗವಾಗಿ ಹೊರಹೋಗುತ್ತದೆ.

2. ‘ಬಿಸಿಲಿನಲ್ಲಿ ಒತ್ತಡ ಏರುವುದಿಲ್ಲ, ಟೈರು ತಂಪಾಗಿರುತ್ತದೆ.’

ಇದು ಸರಿಯಲ್ಲ. ಬಿಸಿಯಾದಾಗ ಹಿಗ್ಗುವುದು ಎಲ್ಲ ಅನಿಲಗಳ ಗುಣ. ಮಾಗಿಯ ಬೆಳಗಿನಲ್ಲಿ 15 ಡಿಗ್ರಿ ಉಷ್ಣತೆಯಲ್ಲಿ 30 ಪೌಂಡಿದ್ದ ಟೈರು ಮಧ್ಯಾಹ್ನ ಓಡಿ 50 ಡಿಗ್ರಿಗೆ ಕಾದರೆ ಒತ್ತಡ ಸುಮಾರು 35 ಪೌಂಡಿಗೆ ಏರುತ್ತದೆ. ಒಳಗೆ ಗಾಳಿಯಿದ್ದರೂ ನೈಟ್ರೋಜನ್ ಇದ್ದರೂ ಈ ಏರಿಕೆ ಒಂದೇ. ಟೈರು ಕಾಯುವುದು ಒಳಗಿನ ಅನಿಲದಿಂದಲ್ಲ. ಹೊರೆಯ ಕೆಳಗೆ ಅದರ ಮಗ್ಗುಲು ಪ್ರತಿ ಸುತ್ತಿನಲ್ಲಿಯೂ ಮಣಿದು ಏಳುವುದರಿಂದ.

ಈ ಹೇಳಿಕೆಯಲ್ಲಿ ಒಂದು ಸಣ್ಣ ಸತ್ಯಾಂಶವಿದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿದ್ದರೆ ಅದು ಗಾಳಿಯ ಜೊತೆ ಟೈರಿನೊಳಗೆ ಹೋಗುತ್ತದೆ. ಟೈರಿನೊಳಗೆ ಹಾಗೆ ನೀರು ನಿಂತಲ್ಲಿ, ಮೇಲೆ ಹೇಳಿದ 15ರಿಂದ 50 ಡಿಗ್ರಿಯ ಏರಿಕೆಯಲ್ಲಿ ನೀರಾವಿಯು ಇನ್ನೂ ಸುಮಾರು ಒಂದೂವರೆ ಪೌಂಡು ಸೇರಿಸಬಲ್ಲದು. ಟ್ಯೂಬಿಲ್ಲದ ಟೈರಿನಲ್ಲಿ ರಿಮ್ಮಿಗೆ ತುಕ್ಕೂ ಹಿಡಿಯುತ್ತದೆ. ನೈಟ್ರೋಜನ್ ಒಣಗಿರುವುದರಿಂದ ಈ ತೊಂದರೆ ಇಲ್ಲ. ಆದರೆ ಕಂಪ್ರೆಸರಿನ ಕೆಳಗಿನ ತಿರುಪು ಬಿಚ್ಚಿ ದಿನವೂ ನೀರು ತೆಗೆಯುವ ಅಂಗಡಿಯಲ್ಲಿ ಸಾದಾ ಗಾಳಿಯಿಂದಲೂ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

3. ‘ಮೈಲೇಜು ಹೆಚ್ಚುತ್ತದೆ.’

ಮೈಲೇಜು ಒತ್ತಡವನ್ನು ಅವಲಂಬಿಸಿದೆ, ಅನಿಲವನ್ನಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2009ರಲ್ಲಿ ಪ್ರಕಟಿಸಿದ ಪ್ರಯೋಗಶಾಲೆಯ ವರದಿಯಲ್ಲಿ, ಟೈರು ಉರುಳುವಾಗ ಉಂಟಾಗುವ ತಡೆಯ ಮೇಲೆ ನೈಟ್ರೋಜನ್‌ನಿಂದ ನೇರ ಪರಿಣಾಮ ಕಂಡುಬರಲಿಲ್ಲ. ಒತ್ತಡ ಸರಿಯಾಗಿದ್ದರೆ ಎರಡೂ ಸಮ.

4. ‘ಟೈರು ಹೆಚ್ಚು ಕಾಲ ಬಾಳುತ್ತದೆ, ಒಡೆಯುವುದಿಲ್ಲ.’

ಆಮ್ಲಜನಕವು ರಬ್ಬರನ್ನು ಒಳಗಿನಿಂದ ಹಳತಾಗಿಸುವುದು ನಿಜ. ಪ್ರಯೋಗಶಾಲೆಯಲ್ಲಿ ಟೈರುಗಳನ್ನು ಒಲೆಯಲ್ಲಿಟ್ಟು ಕಾಯಿಸಿದಾಗ ನೈಟ್ರೋಜನ್ ತುಂಬಿದವು ನಿಧಾನವಾಗಿ ಹಳತಾದವು. ಆದರೆ ನಮ್ಮ ರಸ್ತೆಗಳಲ್ಲಿ ಹೆಚ್ಚಿನ ಟೈರುಗಳು ರಬ್ಬರು ಮುಪ್ಪಾಗುವ ಮೊದಲೇ ಸವೆದು, ಕೊಯ್ದು ಅಥವಾ ಹೆಚ್ಚಿನ ಹೊರೆಯಿಂದ ಹಾಳಾಗುತ್ತವೆ. ಹೊರಮೈಗೆ ಬಿಸಿಲು ಮತ್ತು ಹೊರಗಿನ ಗಾಳಿ ತಗಲುವುದನ್ನು ಒಳಗಿನ ನೈಟ್ರೋಜನ್ ತಡೆಯಲಾರದು. ಕಡಿಮೆ ಹವಾ, ಹೆಚ್ಚು ಹೊರೆ, ಹೆಚ್ಚು ವೇಗ ಈ ಮೂರೂ ಸೇರಿದಾಗ ಟೈರು ಒಡೆಯುತ್ತದೆ. ಆಗ ಒಳಗೆ ಯಾವ ಅನಿಲವಿತ್ತು ಎಂಬುದರಿಂದ ಪ್ರಾಣ ಉಳಿಯುವುದಿಲ್ಲ.

ವಿಮಾನಕ್ಕೆ ನೈಟ್ರೋಜನ್ ಏಕೆ?

ವಿಮಾನದ ಟೈರಿಗೆ ನೈಟ್ರೋಜನ್ ಬಳಸುವುದನ್ನು ಉದಾಹರಣೆಯಾಗಿ ಕೊಡುವುದುಂಟು. ಅದು ನಿಜ ಮತ್ತು ಅದಕ್ಕೆ ತಕ್ಕ ಕಾರಣವೂ ಇದೆ. 1986ರ ಮಾರ್ಚ್ 31ರಂದು ಮೆಕ್ಸಿಕೊ ದೇಶದಲ್ಲಿ ಬೋಯಿಂಗ್ 727 ವಿಮಾನವೊಂದು ಅಪಘಾತಕ್ಕೀಡಾಗಿ ಅದರಲ್ಲಿದ್ದ 167 ಜನರೂ ಮಡಿದರು. ವಿಮಾನದ ಬ್ರೇಕು ಅತಿಯಾಗಿ ಕಾದು, ಗಾಳಿ ತುಂಬಿದ್ದ ಟೈರು ಹಾರಾಟದ ನಡುವೆ ಸ್ಫೋಟಗೊಂಡಿತ್ತು. ಅತಿಯಾದ ಕಾವಿನಲ್ಲಿ ರಬ್ಬರಿನಿಂದ ಹೊರಡುವ ಉರಿಯಬಲ್ಲ ಅನಿಲವು ಟೈರಿನೊಳಗಿನ ಆಮ್ಲಜನಕದೊಡನೆ ಸೇರಿದರೆ ಹೀಗಾಗುತ್ತದೆ. ಇದಾದ ಮೇಲೆ 1987ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆಯು ದೊಡ್ಡ ವಿಮಾನಗಳ ಬ್ರೇಕಿರುವ ಚಕ್ರಗಳಲ್ಲಿ ಆಮ್ಲಜನಕ ಶೇ. 5ನ್ನು ಮೀರಬಾರದೆಂದು ವಿಧಿಸಿತು.

ವಿಮಾನದ ಚಕ್ರವು ನೆಲಕ್ಕಿಳಿಯುವಾಗ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಹತ್ತಾರು ಟನ್ ಭಾರವನ್ನು ಹೊರುತ್ತದೆ. ಅದರ ಒತ್ತಡವೇ ಸುಮಾರು 200 ಪೌಂಡು. ಕಾರಿನ ಅಥವಾ ಟ್ರ್ಯಾಕ್ಟರಿನ ಚಕ್ರಕ್ಕೆ ಅಂಥ ಸ್ಥಿತಿ ಬರುವುದಿಲ್ಲ. ಆದುದರಿಂದ ವಿಮಾನದ ನಿಯಮವನ್ನು ರೈತನ ವಾಹನಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ಈ ಘಟನೆಯಿಂದ ಕಲಿಯಬೇಕಾದ ಪಾಠವೊಂದಿದೆ. ಟೈರು ಕೂಡಿಸಿದ ರಿಮ್ಮಿಗೆ ಎಂದೂ ವೆಲ್ಡಿಂಗ್ ಮಾಡಬಾರದು. ಬಿಗಿಯಾದ ನಟ್ಟು ಬಿಚ್ಚಲು ರಿಮ್ಮಿಗೆ ಬೆಂಕಿಯ ಕಾವು ಕೊಡಬಾರದು. ಹವಾ ಬಿಟ್ಟಿದ್ದರೂ, ನೈಟ್ರೋಜನ್ ಇದ್ದರೂ ಈ ಕೆಲಸ ಪ್ರಾಣಾಪಾಯಕರ. ಟೈರನ್ನು ರಿಮ್ಮಿನಿಂದ ಪೂರ್ತಿ ಬೇರ್ಪಡಿಸಿದ ಮೇಲೆಯೇ ವೆಲ್ಡಿಂಗ್ ಮಾಡಿಸಬೇಕು.

ಕಾರಿನ ಖರ್ಚು-ಲಾಭದ ಲೆಕ್ಕ

ಒತ್ತಡ ಒಂದು ಪೌಂಡು ಇಳಿದರೆ ಇಂಧನದ ಖರ್ಚು ಸುಮಾರು ಶೇ. 0.2ರಿಂದ 0.3ರಷ್ಟು ಹೆಚ್ಚುತ್ತದೆಂದು ಅಂದಾಜು. ವರ್ಷಕ್ಕೆ 10,000 ಕಿ.ಮೀ. ಓಡುವ ಮತ್ತು ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಸುಮಾರು 667 ಲೀಟರು ಪೆಟ್ರೋಲು ಬೇಕು. ವರ್ಷವಿಡೀ ಒಮ್ಮೆಯೂ ಹವಾ ನೋಡದೆ ಓಡಿಸಿದರೂ, ಗಾಳಿಗೂ ನೈಟ್ರೋಜನ್‌ಗೂ ಇರುವ ಅಂತರ ವರ್ಷಾರಂಭದಲ್ಲಿ ಸೊನ್ನೆ, ವರ್ಷಾಂತ್ಯದಲ್ಲಿ 1.3 ಪೌಂಡು, ಸರಾಸರಿ 0.65 ಪೌಂಡು. ಇದರಿಂದ ಉಳಿಯುವ ಪೆಟ್ರೋಲು ವರ್ಷಕ್ಕೆ ಸುಮಾರು ಒಂದು ಲೀಟರು.

ನಾಲ್ಕು ಚಕ್ರಗಳಿಗೆ ವರ್ಷದಲ್ಲಿ ಕೊಡುವ ನೈಟ್ರೋಜನ್ ದರವನ್ನು ಒಂದು ಲೀಟರು ಪೆಟ್ರೋಲಿನ ಬೆಲೆಯೊಡನೆ ಹೋಲಿಸಿ ಪ್ರತಿಯೊಬ್ಬರೂ ನಿರ್ಣಯಿಸಬಹುದು. ಚಿಕ್ಕೋಡಿಯಿಂದ ನಿಪ್ಪಾಣಿಯ ಹೆದ್ದಾರಿಗೆ ಹೋಗಿ ಬರಲು ಸುಮಾರು 50 ಕಿ.ಮೀ. ಆಗುತ್ತದೆ. ನೈಟ್ರೋಜನ್‌ಗಾಗಿಯೇ ಯಾರಾದರೂ ಅಲ್ಲಿಗೆ ಹೋದರೆ ಮೂರು ವರ್ಷದ ಉಳಿತಾಯ ಒಂದೇ ಪ್ರಯಾಣದಲ್ಲಿ ಸುಟ್ಟುಹೋಗುತ್ತದೆ. ಮೇಲಾಗಿ, ತಿಂಗಳಿಗೊಮ್ಮೆ ಹವಾ ನೋಡಿ ಸಾದಾ ಗಾಳಿಯಿಂದಲೇ ಸರಿಪಡಿಸುವವನಿಗೆ ಈ ಒಂದು ಲೀಟರಿನ ಅಂತರವೂ ಉಳಿಯುವುದಿಲ್ಲ.

ಹಾಗಾದರೆ ನೈಟ್ರೋಜನ್ ಯಾರಿಗೆ ಉಪಯುಕ್ತ? ಹೊಸ ಟೈರು ಕೊಂಡಾಗ ಅಂಗಡಿಯವರು ಬಿಟ್ಟಿಯಾಗಿ ತುಂಬಿದರೆ ಬೇಡವೆನ್ನುವ ಕಾರಣವಿಲ್ಲ; ಹಾನಿಯೇನೂ ಇಲ್ಲ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ವಾಹನಕ್ಕೆ ಸ್ವಲ್ಪ ಅನುಕೂಲವಿದೆ. ಒಮ್ಮೆ ನೈಟ್ರೋಜನ್ ತುಂಬಿಸಿದರೆ ಮತ್ತೆ ಗಾಳಿ ಬೆರೆಸಬಾರದು ಎಂಬ ತಪ್ಪು ತಿಳಿವಳಿಕೆ ಮಾತ್ರ ಅಪಾಯಕರ. ಹವಾ ಕಡಿಮೆಯಾಗಿರುವುದನ್ನು ಕಂಡೂ, ನೈಟ್ರೋಜನ್ ಸಿಗುವ ಊರು ಬರಲಿ ಎಂದು ಹಾಗೆಯೇ ಓಡಿಸುವುದು ಬಹಳ ಕೆಟ್ಟದ್ದು. ನೈಟ್ರೋಜನ್ ಟೈರಿಗೆ ಸಾದಾ ಗಾಳಿಯನ್ನು ಧಾರಾಳವಾಗಿ ಸೇರಿಸಬಹುದು.

ಟ್ರ್ಯಾಕ್ಟರ್ ಮತ್ತು ಟ್ರೇಲರ್

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರುಗಳಲ್ಲಿ ಒತ್ತಡ ಕಡಿಮೆ. ಸಾಮಾನ್ಯವಾಗಿ 12ರಿಂದ 16 ಪೌಂಡಿನ ಸುತ್ತಮುತ್ತ ಇರುತ್ತದೆ. ಇಷ್ಟು ಕಡಿಮೆ ಒತ್ತಡದ ಟೈರಿನಲ್ಲಿ ಮೊದಲೇ ಇದ್ದ ಗಾಳಿಯ ಪಾಲು ದೊಡ್ಡದಾಗಿರುತ್ತದೆ. 14 ಪೌಂಡಿಗೆ ನೈಟ್ರೋಜನ್ ತುಂಬಿದರೂ ಮಿಶ್ರಣವು ಶೇ. 86ನ್ನು ದಾಟುವುದು ಕಷ್ಟ. ಇದಲ್ಲದೆ ಚಕ್ರ ಜಾರದಂತೆ ತೂಕ ಹೆಚ್ಚಿಸಲು ಅನೇಕ ರೈತರು ಹಿಂದಿನ ಟೈರಿನ ಮುಕ್ಕಾಲು ಭಾಗ ನೀರು ತುಂಬಿಸಿರುತ್ತಾರೆ. ನೀರು ತುಂಬಿದ ಟೈರಿಗೆ ಒಣ ನೈಟ್ರೋಜನ್ ಹಾಕಿಸುವುದು ಅರ್ಥವಿಲ್ಲದ ಖರ್ಚು. ಟ್ರ್ಯಾಕ್ಟರಿಗೆ ನೈಟ್ರೋಜನ್ ಶಿಫಾರಸು ಮಾಡಲು ಯಾವ ಕಾರಣವೂ ಇಲ್ಲ.

ಕಬ್ಬಿನ ಟ್ರೇಲರಿನ ವಿಷಯ ಇನ್ನೂ ಗಂಭೀರವಾದುದು. ಟೈರಿನ ಮಗ್ಗುಲಿನಲ್ಲಿ ಅದು ಹೊರಬಹುದಾದ ಗರಿಷ್ಠ ಭಾರ ಮತ್ತು ಆ ಭಾರಕ್ಕೆ ತಕ್ಕ ಒತ್ತಡವನ್ನು ಅಚ್ಚು ಹಾಕಿರುತ್ತಾರೆ. ಆ ಮಿತಿಯನ್ನು ಮೀರಿ ಹೊರೆ ಹೇರಿ, ‘ಹವಾ ಜಾಸ್ತಿ ಹಾಕಿದ್ದೇವೆ’ ಎಂಬ ಧೈರ್ಯದಲ್ಲಿ ಹೋಗುವುದು ಅಥವಾ ‘ನೈಟ್ರೋಜನ್ ಇದೆ’ ಎಂಬ ಧೈರ್ಯದಲ್ಲಿ ಹೋಗುವುದು ಎರಡೂ ತಪ್ಪು. ಇಂಥ ಹೊರೆಯ ಟೈರು ಒಡೆದರೆ ಟ್ರೇಲರ್ ಮಗುಚುತ್ತದೆ. ಕಬ್ಬಿನ ಮೇಲೆ ಕುಳಿತ ಕಡಿಯುವ ತಂಡದವರು, ಪಕ್ಕದಲ್ಲಿ ಸೈಕಲ್ಲಿನ ಮೇಲೆ ಹೋಗುವವರು ಅದರ ಕೆಳಗೆ ಸಿಕ್ಕುತ್ತಾರೆ. ಟ್ರೇಲರಿನ ಒಂದೇ ಅಚ್ಚಿನ ಎರಡು ಬದಿಗೆ ಒಂದೇ ಅಳತೆಯ, ಒಂದೇ ಒತ್ತಡದ ಟೈರುಗಳಿರಬೇಕು. ಜೋಡಿ ಚಕ್ರಗಳಲ್ಲಿ ಒಂದರ ಹವಾ ಇಳಿದರೆ ಇಡೀ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಮಾಪಕದಿಂದ ಮಾತ್ರ ಗೊತ್ತಾಗುತ್ತದೆ.

ಟೈರಿನ ಕೆಳಗಿನ ಸಾರಜನಕ

ಕಬ್ಬು ಬೆಳೆಗಾರನು ಚಿಂತಿಸಬೇಕಾದ ಸಾರಜನಕವು ಟೈರಿನ ಒಳಗಿಲ್ಲ, ಕೆಳಗಿದೆ. ಟೈರು ನೆಲದ ಮೇಲ್ಪದರಕ್ಕೆ ಕೊಡುವ ಒತ್ತಡವು ಹೆಚ್ಚುಕಡಿಮೆ ಅದರೊಳಗಿನ ಹವೆಯ ಒತ್ತಡದಷ್ಟೇ ಇರುತ್ತದೆ. ರಸ್ತೆಗಾಗಿ ಗಟ್ಟಿಯಾಗಿ ಹವಾ ತುಂಬಿದ ಟ್ರೇಲರ್ ಹಸಿ ಇರುವ ಎರೆ ಭೂಮಿಗೆ ಇಳಿದರೆ ಕಬ್ಬಿನ ಸಾಲುಗಳ ನಡುವೆ ಮಣ್ಣು ಕಲ್ಲಿನಂತೆ ಒತ್ತಲ್ಪಡುತ್ತದೆ. ಭಾರ ಹೆಚ್ಚಾದಷ್ಟೂ ಈ ಒತ್ತಡ ಆಳಕ್ಕೆ ಇಳಿಯುತ್ತದೆ ಮತ್ತು ಆಳದ ಗಡಸನ್ನು ಒಂದು ಉಳುಮೆಯಿಂದ ಸರಿಪಡಿಸಲಾಗದು.

ಹೀಗೆ ಒತ್ತಿದ ಮಣ್ಣಿನಲ್ಲಿ ಗಾಳಿಯಾಡುವ ಸಂದುಗಳು ಮುಚ್ಚುತ್ತವೆ. ಕೂಳೆ ಕಬ್ಬಿನ ಹೊಸ ಬೇರು ಇಳಿಯುವುದಿಲ್ಲ, ಮರಿಗಳು ಕಡಿಮೆಯಾಗುತ್ತವೆ, ನೀರು ನಿಲ್ಲುತ್ತದೆ. ಗಾಳಿಯಿಲ್ಲದ ಜವುಗು ಮಣ್ಣಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕಕ್ಕಾಗಿ ಗೊಬ್ಬರದ ನೈಟ್ರೇಟನ್ನೇ ಒಡೆಯುತ್ತವೆ. ಆಗ ಅದರಲ್ಲಿದ್ದ ಸಾರಜನಕವು ಅನಿಲವಾಗಿ ಮತ್ತೆ ವಾಯುಮಂಡಲಕ್ಕೆ ಹಾರಿಹೋಗುತ್ತದೆ. ಎಕರೆಗೆ 100 ಕಿ.ಗ್ರಾಂ. ಸಾರಜನಕವನ್ನು ಯೂರಿಯಾ ಮೂಲಕ ಕೊಡಲು ಸುಮಾರು 217 ಕಿ.ಗ್ರಾಂ., ಅಂದರೆ 45 ಕಿ.ಗ್ರಾಂ. ತೂಕದ ಐದು ಚೀಲ ಬೇಕು. ಅದರಲ್ಲಿ ಹತ್ತನೆಯ ಒಂದು ಭಾಗ ಹೀಗೆ ನಷ್ಟವಾದರೂ ಅರ್ಧ ಚೀಲ ಯೂರಿಯಾ ಹೋದಂತೆ. ಒಂದು ಕಾರಿನ ಟೈರಿನಲ್ಲಿ ಹಿಡಿಯುವ ನೈಟ್ರೋಜನ್ ಸುಮಾರು 100 ಗ್ರಾಂ. ಮಾತ್ರ. ಅಂದರೆ ಒಂದು ಎಕರೆಯಿಂದ ಹಾರಿಹೋದ ಆ 10 ಕಿ.ಗ್ರಾಂ. ಸಾರಜನಕವು 100 ಟೈರುಗಳನ್ನು ತುಂಬುವಷ್ಟು! ಇದನ್ನು ಉಳಿಸಲು ಕೆಳಗಿನ ಕ್ರಮಗಳನ್ನು ಅನುಸರಿಸಬೇಕು:

ಅ) ಕಟಾವಿಗೆ 15-20 ದಿನ ಮೊದಲು ನೀರು ಕೊಡುವುದನ್ನು ನಿಲ್ಲಿಸಿ ಭೂಮಿ ಒಣಗಲು ಬಿಡಬೇಕು. ಮಳೆಯಾದರೆ ನೆಲ ಬಿಗಿಯಾಗುವವರೆಗೆ ಭಾರದ ವಾಹನವನ್ನು ಒಳಗೆ ಬಿಡಬಾರದು.

ಆ) ಸಾಧ್ಯವಾದಲ್ಲಿ ಟ್ರೇಲರನ್ನು ಬದುವಿನ ದಾರಿಯಲ್ಲೇ ನಿಲ್ಲಿಸಿ ಕಬ್ಬಿನ ಹೊರೆಗಳನ್ನು ಅಲ್ಲಿಗೆ ತಂದು ಹೇರಬೇಕು. ಒಳಗೆ ಹೋಗಲೇಬೇಕಾದಲ್ಲಿ ಅರ್ಧ ಹೊರೆ ಮಾತ್ರ ಒಳಗೆ ಹೇರಿ, ಉಳಿದುದನ್ನು ದಾರಿಗೆ ಬಂದ ಮೇಲೆ ಹೇರಬೇಕು.

ಇ) ಹೊಲದೊಳಗೆ ವಾಹನ ಓಡಾಡಲು ಒಂದೇ ದಾರಿ ಗೊತ್ತುಮಾಡಬೇಕು. ಎಲ್ಲ ಸಾಲುಗಳನ್ನೂ ತುಳಿಯುವುದಕ್ಕಿಂತ ಒಂದೆರಡು ಸಾಲು ಕೆಡುವುದು ಮೇಲು.

ಈ) ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ, ಕಂಪನಿಯ ಕೈಪಿಡಿ ಒಪ್ಪುವಷ್ಟರ ಮಟ್ಟಿಗೆ, ಕಡಿಮೆ ಒತ್ತಡ ಇಡಬೇಕು. ರಸ್ತೆಗೆ ಹೋಗುವ ಮೊದಲು ಮತ್ತೆ ಹೆಚ್ಚಿಸಬೇಕು.

ಉ) ಕಟಾವಿನ ನಂತರ ಕೂಳೆಯನ್ನು ನೆಲಮಟ್ಟಕ್ಕೆ ಸವರಿ, ಸಾಲಿನ ಎರಡೂ ಮಗ್ಗುಲಿನ ಮಣ್ಣನ್ನು ನೇಗಿಲಿನಿಂದ ಸಡಿಲಿಸಿ, ಅನಂತರವೇ ಗೊಬ್ಬರ ಮತ್ತು ನೀರು ಕೊಡಬೇಕು.

ಹವಾ ನೋಡುವ ಸರಿಯಾದ ಕ್ರಮ

1. ಪ್ರತಿ ಮನೆಯಲ್ಲೂ ಒಂದು ಒಳ್ಳೆಯ ಗಾಳಿಮಾಪಕವಿರಲಿ. ಬಾಯಿಂದ ‘ಸರಿ ಇದೆ’ ಎನ್ನುವುದು, ಕಾಲಿನಿಂದ ಒದ್ದು ನೋಡುವುದು ಮಾಪನವಲ್ಲ.

2. ಬೆಳಿಗ್ಗೆ ವಾಹನ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಓಡಿ ಬಂದ ವಾಹನವಾದರೆ ಮೂರು ತಾಸು ಬಿಡಬೇಕು. ಕಾದ ಟೈರಿನಲ್ಲಿ ಹೆಚ್ಚು ಒತ್ತಡ ಕಂಡಿತೆಂದು ಹವಾ ಬಿಡಬಾರದು. ತಣ್ಣಗಾದಾಗ ಅದು ಕಡಿಮೆಯಾಗುತ್ತದೆ.

3. ಎಷ್ಟು ಹವಾ ಬೇಕೆಂಬುದನ್ನು ಕಾರಿನಲ್ಲಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಮತ್ತು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಟೈರಿನ ಮಗ್ಗುಲಿನಲ್ಲಿರುವುದು ಗರಿಷ್ಠ ಮಿತಿ. ಕಾರಿಗೆ ಅಷ್ಟನ್ನೇ ತುಂಬಬೇಕೆಂದು ಅರ್ಥವಲ್ಲ. ಹೊರೆ ಹೆಚ್ಚಿದ್ದಾಗ ಬೇಕಾದ ಅಂಕಿಯೂ ಅದೇ ಚೀಟಿಯಲ್ಲಿರುತ್ತದೆ.

4. ಕಾರಿಗೆ ತಿಂಗಳಿಗೊಮ್ಮೆ ಮತ್ತು ದೂರದ ಪ್ರಯಾಣಕ್ಕೆ ಮೊದಲು. ಕಬ್ಬು ಸಾಗಿಸುವ ವಾಹನಕ್ಕೆ ಹಂಗಾಮಿನಲ್ಲಿ ಪ್ರತಿದಿನ ನೋಡಬೇಕು. ಹೆಚ್ಚಿನ ಚಕ್ರವನ್ನು ಮರೆಯಬಾರದು.

5. ವಾಲ್ವಿನ ಬಾಯಿಗೆ ಉಗುಳು ಅಥವಾ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಬಿರಡೆ ಹಾಕಬೇಕು. ಬಿರಡೆಯ ಬಣ್ಣ ಹಸಿರಿದ್ದರೂ ಕಪ್ಪಿದ್ದರೂ ಕೆಲಸ ಒಂದೇ, ದೂಳು ಒಳಹೋಗದಂತೆ ತಡೆಯುವುದು.

6. ಸವೆತವನ್ನು ಓದಲು ಕಲಿಯಬೇಕು. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ. ನಡುಭಾಗ ಸವೆದಿದ್ದರೆ ಹವಾ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರದ ನೇರ ತಪ್ಪಿದೆ. ಕಾರು, ಲಾರಿಗಳ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಮೋಟಾರು ವಾಹನ ನಿಯಮದಂತೆ ಅದನ್ನು ಬಳಸಬಾರದು.

7. ವೆಲ್ಡಿಂಗ್ ಅಂಗಡಿಯ ಸಿಲಿಂಡರಿನಿಂದ ಆಮ್ಲಜನಕವನ್ನು ಟೈರಿಗೆ ಎಂದೂ ತುಂಬಬಾರದು. ಒತ್ತಡ ನಿಯಂತ್ರಿಸುವ ಸಾಧನವಿಲ್ಲದೆ ನೈಟ್ರೋಜನ್ ಸಿಲಿಂಡರನ್ನೂ ನೇರವಾಗಿ ಜೋಡಿಸಬಾರದು. ಅದರೊಳಗಿನ ಒತ್ತಡ ಟೈರಿನ ಒತ್ತಡದ ಹತ್ತಾರು ಪಟ್ಟು ಇರುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಪ್ರಾತ್ಯಕ್ಷಿಕೆ

ಈ ವಿಷಯವನ್ನು ಮಾತಿನಿಂದ ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಗ್ರಾಮದ ಒಬ್ಬ ರೈತರ ಕಾರನ್ನು ಆರಿಸಿಕೊಳ್ಳಬೇಕು. ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರಕ್ಕೆ ನೈಟ್ರೋಜನ್, ಉಳಿದೆರಡಕ್ಕೆ ಸಾದಾ ಗಾಳಿಯನ್ನು ಒಂದೇ ದಿನ, ಕೈಪಿಡಿ ಹೇಳಿದ ಒತ್ತಡಕ್ಕೆ ತುಂಬಿಸಬೇಕು. ಪ್ರತಿ ತಿಂಗಳು ಒಂದೇ ಮಾಪಕದಿಂದ, ಬೆಳಗಿನ ತಂಪಿನಲ್ಲಿ ನಾಲ್ಕೂ ಚಕ್ರಗಳ ಒತ್ತಡವನ್ನು ಮತ್ತು ಆ ದಿನದ ಉಷ್ಣತೆಯನ್ನು ಬರೆದಿಡಬೇಕು. ಯಾವುದೇ ಚಕ್ರದಲ್ಲಿ ಎರಡು ಪೌಂಡಿಗಿಂತ ಹೆಚ್ಚು ಇಳಿದರೆ ಸುರಕ್ಷತೆಗಾಗಿ ಕೂಡಲೇ ಅದೇ ಅನಿಲವನ್ನು ಸೇರಿಸಿ, ಎಷ್ಟು ಸೇರಿಸಿದೆ ಎಂಬುದನ್ನು ದಾಖಲಿಸಬೇಕು. ಆರು ತಿಂಗಳ ನಂತರ ಆ ಹಾಳೆಯನ್ನು ರೈತರ ಸಭೆಯಲ್ಲಿ ಓದಿ ಚರ್ಚಿಸಬೇಕು. ಅದೇ ಸಭೆಯಲ್ಲಿ ಹಾಜರಿರುವ ಎಲ್ಲರ ವಾಹನಗಳ ಒತ್ತಡವನ್ನೂ ಅಳೆದು ತೋರಿಸಿದರೆ ಪಾಠವು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ.

ಸಾರಾಂಶ

ನೈಟ್ರೋಜನ್ ತುಂಬಿಸುವುದರಿಂದ ಹವಾ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ ಮತ್ತು ಟೈರಿನ ಒಳಭಾಗ ಒಣಗಿರುತ್ತದೆ. ಬಿಟ್ಟಿಯಾಗಿ ದೊರೆತರೆ ಹಾಕಿಸಬಹುದು. ಹಣ ಕೊಟ್ಟು ಹಾಕಿಸುವಷ್ಟು ಲಾಭ ಸಾಮಾನ್ಯ ಕಾರಿಗೆ ಇಲ್ಲ. ಟ್ರ್ಯಾಕ್ಟರಿಗೆ ಅಷ್ಟೂ ಇಲ್ಲ. ಟೈರಿನ ಬಾಳಿಕೆ, ಇಂಧನದ ಉಳಿತಾಯ ಮತ್ತು ಸವಾರರ ಪ್ರಾಣ ಇವು ಮೂರೂ ಸರಿಯಾದ ಒತ್ತಡ ಮತ್ತು ಮಿತಿಯೊಳಗಿನ ಹೊರೆಯನ್ನು ಅವಲಂಬಿಸಿವೆ. ನೈಟ್ರೋಜನ್‌ಗೆ ಕೊಡುವ ಹಣದಲ್ಲಿ ಒಂದು ಗಾಳಿಮಾಪಕ ಕೊಂಡು ಅದನ್ನು ತಪ್ಪದೆ ಬಳಸುವ ರೈತನಿಗೆ ವರ್ಷವಿಡೀ ಲಾಭವಿದೆ. ಸಾರಜನಕಕ್ಕಾಗಿ ಖರ್ಚು ಮಾಡುವುದೇ ಆದರೆ ಅದನ್ನು ಕೂಳೆ ಕಬ್ಬಿನ ಬುಡಕ್ಕೆ ಕೊಟ್ಟು, ಅದು ಅಲ್ಲಿಂದ ಹಾರಿಹೋಗದಂತೆ ಭೂಮಿಯನ್ನು ಸಡಿಲವಾಗಿ ಕಾಪಾಡಿಕೊಳ್ಳುವುದು ಒಳಿತು.